ಜೋಡಿ ಮದ್ದು: ಪ್ರಾಸ್ಟೇಟ್ ಕ್ಯಾನ್ಸರ್‌ನ ನಾಲ್ಕು ತಪ್ಪು ಕಲ್ಪನೆಗಳು

ಗಂಗೊಳ್ಳಿಯಿಂದ ಮಣಿಪಾಲದ ಆಸ್ಪತ್ರೆಗೆ ಹೊರಟವರಿಗೆ ದಾರಿಯುದ್ದಕ್ಕೂ ಸಲಹೆಗಳು ಸಿಗುತ್ತವೆ. ಅವುಗಳಲ್ಲಿ ನಾಲ್ಕನ್ನು ಮಾತ್ರ ಇಲ್ಲಿ ಒರೆಗೆ ಹಚ್ಚೋಣ.

ತಪ್ಪು ಕಲ್ಪನೆ: ಬೀಜ ತೆಗೆಸಿದರೆ ಕಾಯಿಲೆ ಮತ್ತೆ ತಲೆಯೆತ್ತದು.

ಸತ್ಯ: ಪುರುಷ ಹಾರ್ಮೋನು ತಗ್ಗಿದರೆ ಈ ಕ್ಯಾನ್ಸರ್ ಕುಗ್ಗುತ್ತದೆಂದು ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು, 1966ರಲ್ಲಿ ನೊಬೆಲ್ ಬಂತು. ಆದರೆ ಹಾರ್ಮೋನು ಬರುವುದು ಬೀಜದಿಂದ ಮಾತ್ರವಲ್ಲ. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ, ಕೆಲವೊಮ್ಮೆ ಗಡ್ಡೆಯೇ ಅದನ್ನು ತಯಾರಿಸುತ್ತದೆ. ನಮ್ಮ ಗಂಗೊಳ್ಳಿಯ ಅಳಿವೆಗೆ ಐದು ಹೊಳೆಗಳ ನೀರು. ವಾರಾಹಿಗೆ ಕಟ್ಟ ಹಾಕಿದರೆ ಸೌಪರ್ಣಿಕಾ ನಿಲ್ಲುವಳೇ? ಮುಂದೆ ಹಾರ್ಮೋನಿನ ಹಂಗೇ ಇಲ್ಲದ ಕೋಶಗಳೂ ಹುಟ್ಟಬಹುದು.

ತಪ್ಪು ಕಲ್ಪನೆ: ಒಂದು ಮದ್ದು ಸೋತ ಮೇಲೆ ಇನ್ನೊಂದು ಕೊಟ್ಟರೆ ಸಾಕು.

ಸತ್ಯ: ಹರಡಿದ ಕಾಯಿಲೆಯ 790 ಮಂದಿಯ ಮೇಲೆ ನಡೆದ ‘ಚಾರ್ಟೆಡ್’ ಪರೀಕ್ಷೆಯ ಫಲಿತಾಂಶ 2015ರಲ್ಲಿ ಬಂತು. ಹಾರ್ಮೋನು ತಗ್ಗಿಸುವ ಚಿಕಿತ್ಸೆಯ ಜೊತೆಗೆ ಆರಂಭದಲ್ಲೇ ಡೋಸಿಟ್ಯಾಕ್ಸೆಲ್ ಕೀಮೋ ಕೊಟ್ಟವರ ಮಧ್ಯಮ ಆಯಸ್ಸು 57.6 ತಿಂಗಳು, ಹಾರ್ಮೋನು ಚಿಕಿತ್ಸೆ ಮಾತ್ರ ಪಡೆದವರದು 44.

ತಪ್ಪು ಕಲ್ಪನೆ: ಎರಡು ಮದ್ದು ಸೇರಿದರೆ ಬಲವೂ ಎರಡರಷ್ಟು.

ಸತ್ಯ: ಕೆಲವು ಜೋಡಿ ಕೂಡುತ್ತವೆ, ಕೆಲವು ಕೆಡಿಸುತ್ತವೆ. 2019ರಲ್ಲಿ ಪ್ರಕಟವಾದ ಎರಡು ಪರೀಕ್ಷೆಗಳನ್ನೇ ನೋಡಿ. ಹಾರ್ಮೋನು ಚಿಕಿತ್ಸೆಗೆ ಬಗ್ಗದ 160 ರೋಗಿಗಳಲ್ಲಿ ಕಬಾಜಿಟ್ಯಾಕ್ಸೆಲ್ ಒಂದೇ ಕೊಟ್ಟಾಗ ಕಾಯಿಲೆ 4.5 ತಿಂಗಳು ಹತೋಟಿಯಲ್ಲಿತ್ತು. ಕಾರ್ಬೋಪ್ಲಾಟಿನ್ ಸೇರಿಸಿದಾಗ 7.3 ತಿಂಗಳು. ಸುಸ್ತು, ರಕ್ತಹೀನತೆಯೂ ಹೆಚ್ಚಿತು. ಇನ್ನೊಂದು ಪರೀಕ್ಷೆಯಲ್ಲಿ ಅಬಿರಾಟೆರೋನ್ ಗುಳಿಗೆಗೆ ರೇಡಿಯಂ-223 ಇಂಜೆಕ್ಷನ್ ಜೋಡಿಸಿದರು. ಬಿಡಿಬಿಡಿಯಾಗಿ ಎರಡೂ ಒಳ್ಳೆಯ ಮದ್ದೇ. ಜೊತೆಯಾದಾಗ ಮಾತ್ರ ಶೇ 29 ಮಂದಿಗೆ ಮೂಳೆ ಮುರಿಯಿತು. ರೇಡಿಯಂ ಪಡೆಯದವರಲ್ಲಿ ಅದು ಶೇ 11. ಪರೀಕ್ಷಿಸದೆ ಕೊಟ್ಟಿದ್ದರೆ ಈ ಕೇಡು ‘ವಯಸ್ಸಾಯ್ತಲ್ಲ’ ಎಂಬ ಮಾತಿನಡಿ ಮುಚ್ಚಿಹೋಗುತ್ತಿತ್ತು.

ತಪ್ಪು ಕಲ್ಪನೆ: ಟ್ರಯಲ್ ಎಂದರೆ ಬಡವರನ್ನು ಪ್ರಯೋಗದ ಇಲಿ ಮಾಡುವುದು.

ಸತ್ಯ: ಭಾರತದಲ್ಲಿ 2009ರ ಜೂನ್‌ನಿಂದ ಇಂಥ ಪ್ರತಿ ಪರೀಕ್ಷೆಯೂ ಸರ್ಕಾರಿ ದಾಖಲೆಯಲ್ಲಿ ನೋಂದಣಿಯಾಗಲೇಬೇಕು. 2019ರ ನಿಯಮದಂತೆ ಪರೀಕ್ಷೆಯಿಂದಲೇ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಸಿಗಬೇಕು. ಯಾವಾಗ ಬೇಕಾದರೂ ಹೊರಬರುವ ಹಕ್ಕು ರೋಗಿಯದು.

ಆದ್ದರಿಂದ ಟ್ರಯಲ್ ಎಂದ ಕೂಡಲೇ ಎದ್ದು ಬರಬೇಡಿ. ಹಾಗೆಂದು ಅಲ್ಲೇ ಸಹಿಯನ್ನೂ ಹಾಕಬೇಡಿ. ನೋಂದಣಿ ಸಂಖ್ಯೆ ಕೇಳಿ, ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಪಡೆದು ಮನೆಗೆ ತನ್ನಿ, ಮಕ್ಕಳ ಕೈಲಿ ಗಟ್ಟಿಯಾಗಿ ಓದಿಸಿ.