ಟಿಪಿ53 ವಂಶವಾಹಿ ಮತ್ತು ತಲೆ-ಕುತ್ತಿಗೆ ಕ್ಯಾನ್ಸರ್

ಟಿಪಿ53 ಎಂಬುದು ಮಾನವನ 17ನೆಯ ವರ್ಣತಂತುವಿನಲ್ಲಿರುವ ವಂಶವಾಹಿ. ಇದರಿಂದ ಉಂಟಾಗುವ ಪಿ53 ಪ್ರೋಟೀನು, ಡಿಎನ್‌ಎ ಹಾನಿಗೊಂಡ ಜೀವಕೋಶದ ವಿಭಜನೆಯನ್ನು ತಡೆಯುತ್ತದೆ. ಹಾನಿ ಸರಿಹೋಗದಿದ್ದರೆ ಆ ಕೋಶವು ನಾಶವಾಗುವಂತೆ ಮಾಡುತ್ತದೆ. ಈ ವಂಶವಾಹಿಯಲ್ಲಿ ಉತ್ಪರಿವರ್ತನೆಯಾದರೆ ಕೆಟ್ಟ ಕೋಶಗಳು ಅಂಕೆಯಿಲ್ಲದೆ ಬೆಳೆಯುತ್ತವೆ. ವಿಕಿರಣ ಚಿಕಿತ್ಸೆಗೆ ಸಾಯಬೇಕಾದ ಕೋಶಗಳೂ ಉಳಿದುಕೊಳ್ಳಬಹುದು.

2007ರಲ್ಲಿ ಪ್ರಕಟವಾದ, 420 ರೋಗಿಗಳ ಅಧ್ಯಯನವೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಗಡ್ಡೆಗಳಲ್ಲಿ ಈ ಉತ್ಪರಿವರ್ತನೆ ಕಂಡುಬಂದಿತು. ಶಸ್ತ್ರಚಿಕಿತ್ಸೆಯ ನಂತರ ಅಂತಹವರು ಬದುಕುಳಿಯುವ ಪ್ರಮಾಣ ಕಡಿಮೆಯಾಗಿತ್ತು. ಎಚ್‌ಪಿವಿ ವೈರಾಣುವಿನಿಂದ ಬರುವ ಗಂಟಲಿನ ಕ್ಯಾನ್ಸರಿನಲ್ಲಿ ಮಾತ್ರ ಟಿಪಿ53 ಸಾಮಾನ್ಯವಾಗಿ ಬದಲಾಗದೆ ಉಳಿದಿರುತ್ತದೆ. ಅಲ್ಲಿ ಚಿಕಿತ್ಸೆಯ ಫಲವೂ ಉತ್ತಮ.

ಈ ಉತ್ಪರಿವರ್ತನೆ ಬಹುಮಟ್ಟಿಗೆ ಹುಟ್ಟಿನಿಂದ ಬಂದುದಲ್ಲ. ತಂಬಾಕು ಇದರ ಮುಖ್ಯ ಕಾರಣಗಳಲ್ಲೊಂದು. ತಂಬಾಕು ಬೆರೆತ ಗುಟ್ಕಾವನ್ನು ಕರ್ನಾಟಕ ಸರ್ಕಾರವು 2013ರಲ್ಲಿ ನಿಷೇಧಿಸಿತು.