ದೇವಗಿರಿಗೆ ಬೇಡವಾದ ಚಕ್ರಧರ

ನಾಸಿಕ್‌ನಿಂದ ಛತ್ರಪತಿ ಸಂಭಾಜಿನಗರಕ್ಕೆ ಹೊರಟರೆ ದಾರಿಯುದ್ದಕ್ಕೂ ನಮಗೆ ಗೊತ್ತಿರುವ ಮನೆತನವೊಂದರ ಹೆಜ್ಜೆಗುರುತುಗಳು ಸಿಗುತ್ತವೆ. ಸಿನ್ನರ ಸೇವುಣರ ಹಳೆಯ ನೆಲೆ, ದೌಲತಾಬಾದ್ ಕೋಟೆ ಅವರ ದೇವಗಿರಿ. ಹೊಯ್ಸಳರ ಎದುರಾಳಿಗಳೆಂದು ಶಾಲೆಯಲ್ಲಿ ಓದಿದ ಈ ಸೇವುಣರ ಎಷ್ಟೋ ಶಾಸನಗಳು ಕನ್ನಡದಲ್ಲಿವೆ. ಇವರ ಆಳ್ವಿಕೆಯಲ್ಲಿ ನಡೆದ ಸಂಘರ್ಷವೊಂದು ಕನ್ನಡಿಗರಿಗೆ ಥಟ್ಟನೆ ಕಲ್ಯಾಣವನ್ನು ನೆನಪಿಸುತ್ತದೆ.

ನಾಸಿಕ್ ಬಳಿಯ ತ್ರ್ಯಂಬಕದಲ್ಲಿ ಹುಟ್ಟುವ ಗೋದಾವರಿ ಮುಂದೆ ಪೈಠಣಕ್ಕೆ ಬರುತ್ತದೆ. ಪಂಡಿತರ ಕೋಟೆಯಂತಿದ್ದ ಆ ಊರಲ್ಲಿ 1267ರ ಸುಮಾರಿಗೆ ಚಕ್ರಧರ ಸ್ವಾಮಿ ಮಹಾನುಭಾವ ಪಂಥ ಕಟ್ಟಿದರು. ಸಂಪ್ರದಾಯದ ಪ್ರಕಾರ ಅವರು ಗುಜರಾತಿನ ಭರೂಚ್‌ನ ಪ್ರಧಾನಿಯೊಬ್ಬರ ಮಗ. ಆದರೂ ಬೋಧಿಸಿದ್ದು ಮರಾಠಿಯಲ್ಲಿ. ಜಾತಿಭೇದವನ್ನು ಒಪ್ಪಲಿಲ್ಲ, ಹೆಂಗಸರಿಗೂ ಸನ್ಯಾಸ ಕೊಟ್ಟರು. ಮುಟ್ಟು ಮೈಲಿಗೆಯಲ್ಲ, ಮೂಗಿನಲ್ಲಿ ಸಿಂಬಳ ಬಂದಂತೆ ದೇಹದ ಸಹಜ ಕ್ರಿಯೆ ಎಂದರು.

ಆಗ ದೇವಗಿರಿಯಲ್ಲಿ ಮಂತ್ರಿಯಾಗಿದ್ದವನು ಹೇಮಾದ್ರಿ. ವ್ರತ, ದಾನ, ಶ್ರಾದ್ಧಗಳ ಬಗ್ಗೆ ಸಂಸ್ಕೃತದಲ್ಲಿ ‘ಚತುರ್ವರ್ಗ ಚಿಂತಾಮಣಿ’ ಎಂಬ ಬೃಹತ್ ಗ್ರಂಥ ಬರೆದವನು. ಆ ಲೋಕಕ್ಕೆ ಚಕ್ರಧರರ ಮಾತು ಹೇಗೆ ರುಚಿಸೀತು? ಅವರ ಸುತ್ತ ಹೆಂಗಸರು ಸೇರುತ್ತಾರೆ ಎಂಬುದೇ ಆರೋಪವಾಯಿತು. ಪೈಠಣದ ಸಭೆಯಲ್ಲಿ ವಿಚಾರಣೆ ನಡೆಸಿ ಶಿಕ್ಷೆ ಕೊಟ್ಟರೆಂದು ಪಂಥದ ಗ್ರಂಥವೇ ಹೇಳುತ್ತದೆ. ಅವರನ್ನು ಕೊಲ್ಲಿಸಲಾಯಿತು ಎಂಬ ವಾದವೂ ಇದೆ. ಸ್ವಾಮಿ ಉತ್ತರಕ್ಕೆ ನಡೆದುಹೋದರು ಎಂಬುದು ಭಕ್ತರ ನಂಬಿಕೆ.

ಅಧಿಕಾರಕ್ಕೆ ಅಳಿಸಲಾಗದೆ ಉಳಿದದ್ದು ಅವರ ಮಾತು. ಶಿಷ್ಯ ಮ್ಹಾಯಿಂಭಟ ಅವರನ್ನು ಕಂಡವರನ್ನೆಲ್ಲ ಹುಡುಕಿ, ಕೇಳಿ ‘ಲೀಳಾಚರಿತ್ರ’ ಬರೆದ. ಅದು ಮರಾಠಿಯ ಮೊದಲ ಗದ್ಯಗ್ರಂಥವೆಂದು ಹೆಸರಾಗಿದೆ. ಇನ್ನೊಬ್ಬ ಶಿಷ್ಯ ಸಂಸ್ಕೃತದ ಕಡೆ ವಾಲಿದಾಗ, ಪಂಥದ ಮುಂದಿನ ನಾಯಕ ನಾಗದೇವ ತಡೆದರಂತೆ. ಹಾಗೆ ಬರೆದರೆ ನಮ್ಮ ಮುದುಕಿಯರಿಗೆ ಏನೂ ದಕ್ಕುವುದಿಲ್ಲ ಎಂಬುದು ಅವರ ಆತಂಕ. ವಚನಕಾರರು ಕನ್ನಡವನ್ನೇ ಹಿಡಿದದ್ದರ ಹಿಂದೆಯೂ ಇದೇ ಕಾಳಜಿ ಇತ್ತಲ್ಲವೇ?

ಮುಂದೆ ಪಂಥದವರು ತಮ್ಮ ಗ್ರಂಥಗಳನ್ನು ಗೂಢಲಿಪಿಗಳಲ್ಲಿ ಬರೆದಿಟ್ಟರು. 20ನೇ ಶತಮಾನದ ಆರಂಭದವರೆಗೂ ಹೊರಗಿನವರಿಗೆ ಅವು ಓದಲು ಸಿಗಲಿಲ್ಲ.

ಇಂದು ಇಲ್ಲಿನ ಜನ ಹಳೆಯ ಕರಿಕಲ್ಲಿನ ಗುಡಿಗಳನ್ನು ‘ಹೇಮಾಡಪಂತಿ’ ಎನ್ನುತ್ತಾರೆ. ಮಂತ್ರಿಯ ಹೆಸರು ಕಲ್ಲಿಗೆ ಅಂಟಿ ಉಳಿದಿದೆ. ಚಕ್ರಧರರ ಗುರು ಗೋವಿಂದಪ್ರಭುಗಳ ಊರು ರಿದ್ಧಪುರದಲ್ಲಿ ಮಹಾರಾಷ್ಟ್ರ ಸರ್ಕಾರ ಮರಾಠಿ ಭಾಷಾ ವಿಶ್ವವಿದ್ಯಾಲಯ ತೆರೆದಿದೆ. ಒಂದು ಸರ್ಕಾರಕ್ಕೆ ಬೇಡವಾದ ಮಾತು ಏಳೂವರೆ ಶತಮಾನದ ಬಳಿಕ ಇನ್ನೊಂದು ಸರ್ಕಾರಕ್ಕೆ ಹೆಮ್ಮೆಯ ಆಸ್ತಿ.