ಕಪ್ಪುಕುಳಿಯ ನಾದ, ತಾರಾಲಯದ ಗುಮ್ಮಟ

2015ರ ಸೆಪ್ಟೆಂಬರ್ 14, ಸೋಮವಾರ. ಭಾರತದಲ್ಲಿ ಮಧ್ಯಾಹ್ನ 3 ಗಂಟೆ 20 ನಿಮಿಷ. ಸುಮಾರು 130 ಕೋಟಿ ವರ್ಷಗಳ ಹಿಂದೆ ಹೊರಟಿದ್ದ ಒಂದು ಅಲೆ ಆ ಹೊತ್ತಿಗೆ ಭೂಮಿಯನ್ನು ಹಾದುಹೋಯಿತು. ಚಾಮರಾಜನಗರ ಜಿಲ್ಲೆಯ ಉಡಿಗಾಲದ ಹೊಲಗಳು, ಗುಂಡ್ಲುಪೇಟೆ ಸೀಮೆಯ ಚೆಂಡುಹೂವಿನ ಸಾಲುಗಳು, ಬಂಡೀಪುರದ ಕಾಡು ಎಲ್ಲವೂ ಕ್ಷಣಕಾಲ ಹಿಗ್ಗಿ ಕುಗ್ಗಿದವು. ಆ ಹಿಗ್ಗು ಎಷ್ಟು ಚಿಕ್ಕದೆಂದರೆ, 4 ಕಿಲೋಮೀಟರ್ ಉದ್ದಕ್ಕೆ ಪ್ರೋಟಾನಿನ ವ್ಯಾಸದ ನೂರರಲ್ಲೊಂದು ಪಾಲೂ ಇಲ್ಲ. ಮನುಷ್ಯರಿಗೆ ಯಾರಿಗೂ ಅದು ತಿಳಿಯಲಿಲ್ಲ. ಗುರುತಿಸಿದ್ದು ಅಮೆರಿಕದ ಎರಡು ಯಂತ್ರಗಳು. ಮೊದಲು ಲಿವಿಂಗ್‌ಸ್ಟನ್‌ನಲ್ಲಿರುವ ಲೈಗೊ ಶೋಧಕ, 7 ಮಿಲಿಸೆಕೆಂಡುಗಳ ನಂತರ ಹ್ಯಾನ್‌ಫರ್ಡ್‌ನಲ್ಲಿರುವ ಅದರ ಜೋಡಿ.

ಸೂರ್ಯನ 36 ಪಟ್ಟು ತೂಕದ ಒಂದು ಕಪ್ಪುಕುಳಿ, 29 ಪಟ್ಟು ತೂಕದ ಇನ್ನೊಂದು. ಎರಡೂ ಸುತ್ತುತ್ತಾ ಸುತ್ತುತ್ತಾ ಹತ್ತಿರವಾಗಿ ಬೆರೆತು, 62 ಸೂರ್ಯರ ತೂಕದ ಒಂದೇ ಕುಳಿಯಾದವು. ಉಳಿದ ಮೂರು ಸೂರ್ಯರಷ್ಟು ದ್ರವ್ಯ ಗುರುತ್ವದ ಅಲೆಗಳಾಗಿ ಹರಡಿತು. ಐನ್‌ಸ್ಟೈನ್ ನೂರು ವರ್ಷ ಹಿಂದೆ ಬರೆದಿಟ್ಟಿದ್ದ ಸಿದ್ಧಾಂತಕ್ಕೆ ಸಿಕ್ಕ ನೇರ ಸಾಕ್ಷ್ಯ ಅದು. 2017ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಇದಕ್ಕಾಗಿಯೇ ರೈನರ್ ವೈಸ್, ಬ್ಯಾರಿ ಬ್ಯಾರಿಶ್ ಮತ್ತು ಕಿಪ್ ಥಾರ್ನ್ ಅವರಿಗೆ ಸಂದಿತು.

ಲೈಗೊ ದಾಖಲಿಸಿದ ಸಂಕೇತ ಒಟ್ಟು ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟು. ಅದರ ಬಾಲದಲ್ಲಿ, ಎರಡು ಕುಳಿಗಳು ಒಂದಾದ ಮರುಗಳಿಗೆಯಲ್ಲಿ, ಒಂದು ಚಿಕ್ಕ ಕಂಪನವಿದೆ. ಎದ್ದು, ಥಟ್ಟನೆ ಕುಗ್ಗಿ, ಇಲ್ಲವಾಗುವ ಕಂಪನ. ಅಂಥದೊಂದು ಇದ್ದೇ ಇರಬೇಕೆಂದು 45 ವರ್ಷ ಮೊದಲೇ ಲೆಕ್ಕ ಹಾಕಿ ತೋರಿಸಿದ್ದವರು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ. ಶಾಲಾ ಪ್ರವಾಸಕ್ಕೆಂದು ರಾಜಧಾನಿಗೆ ಹೋದ ಮಕ್ಕಳು ಕತ್ತೆತ್ತಿ ನೋಡುವ ಜವಾಹರಲಾಲ್ ನೆಹರೂ ತಾರಾಲಯವನ್ನು ಮೊದಲ ನಿರ್ದೇಶಕರಾಗಿ ಕಟ್ಟಿ ಬೆಳೆಸಿದವರೂ ಅವರೇ.

ವಿಶ್ವೇಶ್ವರ ಹುಟ್ಟಿದ್ದು 1938ರ ಮಾರ್ಚ್ 6ರಂದು. ತಂದೆ ಸಿ.ಕೆ. ವೆಂಕಟರಾಮಯ್ಯ ಕನ್ನಡದ ಹೆಸರಾಂತ ಲೇಖಕರು. 1947ರಲ್ಲಿ ಹರಪನಹಳ್ಳಿಯಲ್ಲಿ ಸೇರಿದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಪುಸ್ತಕ, ಮಾತು, ಹಾಸ್ಯಗಳ ನಡುವೆ ಬೆಳೆದ ಹುಡುಗ ಮೈಸೂರು ವಿಶ್ವವಿದ್ಯಾನಿಲಯದಿಂದ ಎಂ.ಎಸ್ಸಿ. ಮುಗಿಸಿ ಅಮೆರಿಕಕ್ಕೆ ಹೋದರು. ಅಲ್ಲಿ ಮೊದಲು ಕೊಲಂಬಿಯಾ, ಆಮೇಲೆ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯ. ಮಾರ್ಗದರ್ಶಕರು ಚಾರ್ಲ್ಸ್ ಮಿಸ್ನರ್.

ಅವರು ಎತ್ತಿಕೊಂಡ ಪ್ರಶ್ನೆ ಆ ಕಾಲಕ್ಕೆ ಹೆಚ್ಚು ಜನ ಗಂಭೀರವಾಗಿ ಕೇಳುತ್ತಿದ್ದುದಲ್ಲ. ಕಪ್ಪುಕುಳಿ ನಿಜವಾಗಿ ಇದೆಯೇ ಎಂಬುದೇ ಅನುಮಾನದಲ್ಲಿತ್ತು. ಕಾರ್ಲ್ ಶ್ವಾರ್ಜ್‌ಚೈಲ್ಡ್ 1916ರಲ್ಲಿ ಐನ್‌ಸ್ಟೈನರ ಸಮೀಕರಣಗಳಿಗೆ ಕೊಟ್ಟ ಉತ್ತರದೊಳಗೆ ಅದು ಅಡಗಿತ್ತು, ಅಷ್ಟೆ. ಜಾನ್ ವೀಲರ್ ಆ ಹೆಸರನ್ನು ಬಳಕೆಗೆ ತಂದದ್ದೇ 1967ರಲ್ಲಿ. ಇಂಥ ವಸ್ತುವನ್ನು ಸ್ವಲ್ಪ ಅಲುಗಾಡಿಸಿದರೆ ಏನಾಗುತ್ತದೆ? ಚೂರುಚೂರಾದರೆ ಪ್ರಕೃತಿಯಲ್ಲಿ ಅದು ಉಳಿಯಲಾರದು. ಕಾಗದದ ಮೇಲಿನ ಕುತೂಹಲವಾಗಿಯೇ ಇರಬೇಕಾಗುತ್ತದೆ. ವಿಶ್ವೇಶ್ವರರ ಲೆಕ್ಕ ಸ್ಪಷ್ಟ ಉತ್ತರ ಕೊಟ್ಟಿತು. ಅಲುಗಾಡಿಸಿದರೂ ಅದು ಚೇತರಿಸಿಕೊಂಡು ಮೊದಲಿನ ಸ್ಥಿತಿಗೆ ಬರುತ್ತದೆ.

ಹಾಗಾದರೆ ಬೆಳಕನ್ನೇ ಬಿಟ್ಟುಕೊಡದ ವಸ್ತುವನ್ನು ಕಾಣುವ ಬಗೆ ಹೇಗೆ? ಅದರ ಮೇಲೆ ಗುರುತ್ವದ ಅಲೆಗಳನ್ನು ಎಸೆದು, ಹಿಂದಕ್ಕೆ ಏನು ಬರುತ್ತದೆಂದು ಗಮನಿಸುವುದು. ಇದೂ ಲೆಕ್ಕದಲ್ಲೇ. ಕುಳಿಯ ಗಾತ್ರಕ್ಕಿಂತ ಅಗಲವಾದ ಅಲೆಗಳನ್ನು ಎಸೆದಾಗ ಗಮನಾರ್ಹವಾದುದೇನೂ ಕಾಣಲಿಲ್ಲ. ಅಲೆಯನ್ನು ಕಿರಿದು ಮಾಡುತ್ತಾ ಹೋದಂತೆ, ಕುಳಿ ತನ್ನದೇ ಶ್ರುತಿಯಲ್ಲಿ ಕಂಪಿಸತೊಡಗಿತು. ಬಾರಿಸಿದ ಗಂಟೆಯಂತೆ ಮೊಳಗಿ, ಆದರೆ ಗಂಟೆಗಿಂತ ಬಹುಬೇಗ ಅಡಗಿತು. 1970ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಆ ಸಂಶೋಧನೆ ಪ್ರಕಟವಾಯಿತು.

ಈ ಶ್ರುತಿಯ ವಿಶೇಷವೆಂದರೆ, ಅದನ್ನು ನಿರ್ಧರಿಸುವುದು ಕಪ್ಪುಕುಳಿಯ ತೂಕ ಮತ್ತು ಅದು ತಿರುಗುವ ವೇಗ. ಕುಳಿ ಯಾವುದರಿಂದ ಹುಟ್ಟಿತು, ಯಾವುದು ತಾಕಿ ಕಂಪಿಸಿತು ಎಂಬುದರ ಗುರುತು ಅದರಲ್ಲಿ ಇರುವುದಿಲ್ಲ. ತೂಕ ಹೆಚ್ಚಿದಷ್ಟೂ ಸ್ವರ ಮಂದ್ರಕ್ಕೆ ಇಳಿಯುತ್ತದೆ. ಆದ್ದರಿಂದ ಕಂಪನವನ್ನು ಅಳೆದರೆ ಕುಳಿಯನ್ನೇ ತೂಗಿದಂತೆ. 2015ರಲ್ಲಿ ಹುಟ್ಟಿದ 62 ಸೂರ್ಯರ ತೂಕದ ಕುಳಿ ಸೆಕೆಂಡಿಗೆ ಸುಮಾರು 250 ಬಾರಿ ಕಂಪಿಸಿ, ಕೆಲವೇ ಮಿಲಿಸೆಕೆಂಡುಗಳಲ್ಲಿ ಸುಮ್ಮನಾಯಿತು. ಲೆಕ್ಕ ಹೇಳಿದ್ದೂ ಅದನ್ನೇ.

ನಡುವಿನ 45 ವರ್ಷ ಸುಮ್ಮನೆ ಕಳೆದುವಲ್ಲ. ಮೇರಿಲ್ಯಾಂಡಿನಲ್ಲೇ ಜೋಸೆಫ್ ವೆಬರ್ ಭಾರಿ ಅಲ್ಯೂಮಿನಿಯಂ ಕೊರಡುಗಳಿಂದ ಗುರುತ್ವದ ಅಲೆ ಹಿಡಿದೆನೆಂದು 1969ರಲ್ಲಿ ಸಾರಿದ್ದರು. ಬೇರೆಯವರಿಗೆ ಅದು ಸಿಗಲಿಲ್ಲ. ರಸೆಲ್ ಹಲ್ಸ್ ಮತ್ತು ಜೋಸೆಫ್ ಟೇಲರ್ 1974ರಲ್ಲಿ ಕಂಡ ಜೋಡಿ ನಕ್ಷತ್ರಗಳ ಸುತ್ತಾಟದಿಂದ ಇಂಥ ಅಲೆಗಳಿರುವುದಕ್ಕೆ ಪರೋಕ್ಷ ಆಧಾರ ದೊರೆಯಿತು. 1993ರ ನೊಬೆಲ್ ಅವರದಾಯಿತು. ಶೋಧಕದ ಗದ್ದಲದೊಳಗಿಂದ ಸಣ್ಣ ಸಂಕೇತವನ್ನು ಹೆಕ್ಕಬೇಕಾದರೆ ಅದರ ಆಕಾರ ಮೊದಲೇ ಗೊತ್ತಿರಬೇಕು. ಆ ಆಕಾರಗಳನ್ನು ಗಣಿತದಲ್ಲಿ ಬಿಡಿಸುವ ಕೆಲಸದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಾಲ ಅಯ್ಯರ್ ಫ್ರಾನ್ಸಿನ ವಿಜ್ಞಾನಿಗಳ ಜೊತೆ ದಶಕಗಟ್ಟಲೆ ದುಡಿದರು. ಸಂಕೇತವನ್ನು ಹೆಕ್ಕುವ ವಿಧಾನಗಳಿಗೆ ಸಂಜೀವ ಧುರಂಧರ್ ಮತ್ತು ಬಿ.ಎಸ್. ಸತ್ಯಪ್ರಕಾಶ್ ಅಡಿಪಾಯ ಹಾಕಿದರು. 2017ರ ನೊಬೆಲ್ ಮೂವರ ಹೆಸರಿನಲ್ಲಿದೆ; ಅದರ ಹಿಂದೆ ಸಾವಿರಕ್ಕೂ ಹೆಚ್ಚು ಜನರ ಕೆಲಸವಿದೆ. ಅದರಲ್ಲಿ ಕರ್ನಾಟಕದ ಪಾಲನ್ನು ನಮ್ಮ ಮಕ್ಕಳಿಗೆ ಹೆಸರು ಹಿಡಿದು ಹೇಳಬೇಕು.

ಎಪ್ಪತ್ತರ ದಶಕದಲ್ಲಿ ವಿಶ್ವೇಶ್ವರ ಬೆಂಗಳೂರಿಗೆ ಮರಳಿದರು. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಮುಂದೆ ಭಾರತೀಯ ಖಭೌತ ಸಂಸ್ಥೆಯಲ್ಲಿ ಸಂಶೋಧನೆ ಮುಂದುವರಿಸಿದರು. ಆಗಿನ ಜನಸಾಮಾನ್ಯರಿಗೂ ಆಕಾಶಕ್ಕೂ ಇದ್ದ ನಂಟು ಎಂಥದೆಂಬುದನ್ನು 1980ರ ಫೆಬ್ರುವರಿ 16ರ ಪೂರ್ಣ ಸೂರ್ಯಗ್ರಹಣ ಬಯಲಿಗಿಟ್ಟಿತು. ನೆರಳಿನ ಪಟ್ಟಿ ಉತ್ತರ ಕರ್ನಾಟಕದ ಮೇಲೆ ಹಾದುಹೋಯಿತು. ಹುಬ್ಬಳ್ಳಿ ಹತ್ತಿರ ಮತ್ತು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ವಿಜ್ಞಾನಿಗಳು ಉಪಕರಣ ಹೂಡಿ ಕಾದಿದ್ದರು. ಊರುಗಳಲ್ಲಿ ಮಾತ್ರ ಬಾಗಿಲು ಮುಚ್ಚಿದ್ದವು, ಬೀದಿಗಳು ಬಿಕೋ ಎನ್ನುತ್ತಿದ್ದವು. ಒಂದು ಜೀವಮಾನದಲ್ಲಿ ಮತ್ತೆ ಸಿಗದ ನೋಟವನ್ನು ಭಯ ಕಿತ್ತುಕೊಂಡಿತು.

1989ರಲ್ಲಿ ತಾರಾಲಯ ಬಾಗಿಲು ತೆರೆದಾಗ ವಿಶ್ವೇಶ್ವರರಿಗೆ ಅದು ಸಂಶೋಧನೆಯಿಂದ ಬಿಡುವಿನ ಹವ್ಯಾಸವಾಗಿರಲಿಲ್ಲ. ಪ್ರದರ್ಶನಗಳಿಗೆ ತಾವೇ ಬರೆದರು. ವ್ಯಂಗ್ಯಚಿತ್ರ ಬರೆಯುವ ಕೈ ಅವರದು. ಗುರುತ್ವ ವಿಜ್ಞಾನಿಗಳ ಸಮ್ಮೇಳನಗಳಿಗೂ ಅವರ ಚಿತ್ರಗಳು ಹೋದವು. ಕಲೆ, ಸಂಗೀತ, ಕಥೆಗಳನ್ನು ಖಗೋಳದ ಜೊತೆ ಬೆರೆಸಿದರು. ಪ್ರದರ್ಶನಗಳು ಇಂಗ್ಲಿಷಿನ ಜೊತೆ ಕನ್ನಡದಲ್ಲೂ ನಡೆದವು. ಶಾಲಾ ಮಕ್ಕಳಿಗೆ ಕೈಯಾರೆ ಮಾಡಿ ಕಲಿಯುವ ತರಗತಿಗಳು ಬಂದವು. ಪದವಿ ವಿದ್ಯಾರ್ಥಿಗಳಿಗೆಂದು ವಾರಾಂತ್ಯದಲ್ಲಿ ಭೌತವಿಜ್ಞಾನ ಕಲಿಸುವ ಕಾರ್ಯಕ್ರಮ ಶುರುವಾಯಿತು. ಅಲ್ಲಿ ಕೂತು ಕೇಳಿದವರಲ್ಲಿ ಹಲವರು ಸಂಶೋಧಕರಾದರು. ಮುಂದೆ ನಿರ್ದೇಶಕರಾದ ಬಿ.ಎಸ್. ಶೈಲಜಾ ಕನ್ನಡದಲ್ಲಿ ಬರೆಯುತ್ತಾ, ಶಾಸನಗಳಲ್ಲಿ ದಾಖಲಾದ ಗ್ರಹಣಗಳನ್ನು ಹುಡುಕುತ್ತಾ ಆ ಕೆಲಸವನ್ನು ಇನ್ನೊಂದು ದಿಕ್ಕಿಗೆ ಬೆಳೆಸಿದರು.

ಅತ್ತ ಮೈಸೂರಿನಲ್ಲಿ ಜಿ.ಟಿ. ನಾರಾಯಣ ರಾವ್ ಇದ್ದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದಲ್ಲಿ ವಿಜ್ಞಾನ ಸಂಪಾದಕರಾಗಿದ್ದ ಅವರು ಕನ್ನಡದಲ್ಲಿ ನಕ್ಷತ್ರಗಳನ್ನು ಪರಿಚಯಿಸಿದರು. 1983ರ ನೊಬೆಲ್ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರರ ಬದುಕನ್ನೂ ಸಾಧನೆಯನ್ನೂ ಕನ್ನಡದ ಓದುಗರ ಮುಂದಿಟ್ಟರು. ಕಾವೇರಿಯ ಈಚೆಯ ಜಿಲ್ಲೆಗಳ ಒಂದು ತಲೆಮಾರಿಗೆ ಆಕಾಶ ಹತ್ತಿರವಾದದ್ದು ಇಂಥ ಬರವಣಿಗೆಯಿಂದ.

ಬದಲಾವಣೆ ಕಣ್ಣಿಗೆ ಕಾಣುವಂತಿದೆ. 2019ರ ಡಿಸೆಂಬರ್ 26ರ ಬೆಳಿಗ್ಗೆ ಕಾಸರಗೋಡು, ದಕ್ಷಿಣ ಕೊಡಗು, ವಯನಾಡು, ಊಟಿಗಳ ಮೇಲೆ ಕಂಕಣ ಸೂರ್ಯಗ್ರಹಣ ಹಾದುಹೋಯಿತು. ಚಾಮರಾಜನಗರ ಜಿಲ್ಲೆಯಲ್ಲೂ ಸೂರ್ಯನ ಬಹುಭಾಗ ಮರೆಯಾಯಿತು. ಮನೆಯೊಳಗೇ ಉಳಿದವರು ಆಗಲೂ ಇದ್ದರು. ಆದರೆ ಗ್ರಹಣ ಕನ್ನಡಕ ಹಿಡಿದು ಬಯಲಿಗೆ ಬಂದ ಶಿಕ್ಷಕರೂ ಮಕ್ಕಳೂ ರಾಜ್ಯದ ಎಷ್ಟೋ ಊರುಗಳಲ್ಲಿ ಕಂಡರು.

2016ರ ಫೆಬ್ರುವರಿ 11ರಂದು ಲೈಗೊ ತನ್ನ ಶೋಧವನ್ನು ಪ್ರಕಟಿಸಿದಾಗ ವಿಶ್ವೇಶ್ವರ ನಮ್ಮೊಡನಿದ್ದರು. ಯೌವನದಲ್ಲಿ ಗಣಿತದಿಂದ ಕಂಡದ್ದನ್ನು ಯಂತ್ರದ ದಾಖಲೆಯಲ್ಲಿ ನೋಡುವ ಭಾಗ್ಯ ಅವರಿಗೆ ಒದಗಿತು. 2017ರ ಜನವರಿ 16ರಂದು ತೀರಿಕೊಂಡರು. ನೊಬೆಲ್ ಘೋಷಣೆಯಾದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ.

ಅವರ ಲೆಕ್ಕಕ್ಕೆ ಇನ್ನೂ ದೊಡ್ಡ ಪರೀಕ್ಷೆ ಬಂದದ್ದು 2025ರ ಜನವರಿ 14ರಂದು. ಮೊದಲಿನದರಂಥದೇ ಒಂದು ಜೋಡಿಯ ಸಮ್ಮಿಲನ; ಆದರೆ ಹತ್ತು ವರ್ಷಗಳಲ್ಲಿ ಶೋಧಕಗಳು ಅಷ್ಟು ಸುಧಾರಿಸಿದ್ದರಿಂದ ಸಂಕೇತ ಮೂರು ಪಟ್ಟು ಸ್ಪಷ್ಟವಾಗಿತ್ತು. ಹೊಸ ಕುಳಿಯ ನಾದದಲ್ಲಿ ಒಂದಲ್ಲ, ಎರಡು ಸ್ವರಗಳನ್ನು ಬಿಡಿಸಿ ಓದಲಾಯಿತು. ಎರಡೂ ಸಿದ್ಧಾಂತಕ್ಕೆ ತಾಳೆಯಾದವು.

ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಇಂಥದೇ ಶೋಧಕವಾದ ಲೈಗೊ-ಇಂಡಿಯಾ ಕಟ್ಟಲು ಕೇಂದ್ರ ಸಚಿವ ಸಂಪುಟ 2023ರಲ್ಲಿ ಸುಮಾರು 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಅದನ್ನು ನಡೆಸಲು ಮುಂದಿನ ದಶಕಗಳಲ್ಲಿ ಲೇಸರ್, ನಿರ್ವಾತ ತಂತ್ರಜ್ಞಾನ, ಗಣಕ ಬಲ್ಲ ನೂರಾರು ಯುವಜನರು ಬೇಕು. ಮೈಸೂರಿನಲ್ಲಿ, ವಿಶ್ವೇಶ್ವರ ಪದವಿ ಪಡೆದ ವಿಶ್ವವಿದ್ಯಾನಿಲಯದ ನೆಲದಲ್ಲೇ, ಭಾರತೀಯ ಖಭೌತ ಸಂಸ್ಥೆಯ ‘ಕಾಸ್ಮಾಸ್’ ತಾರಾಲಯಕ್ಕೆ 2022ರಲ್ಲಿ ಶಂಕುಸ್ಥಾಪನೆಯಾಗಿದೆ. ಚಾಮರಾಜನಗರದಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರ್. ಬೆಂಗಳೂರಿನ ದಾರಿಯ ಮೂರನೇ ಒಂದರಷ್ಟು. ಉಡಿಗಾಲದ ಸರ್ಕಾರಿ ಶಾಲೆಯ ಮಗು ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ಮನೆ ಸೇರಬಹುದಾದ ದೂರ ಇದು. ಅಲ್ಲಿ ಕನ್ನಡದ ಪ್ರದರ್ಶನಗಳಿಗೆ ಮೊದಲ ದಿನದಿಂದಲೇ ಜಾಗವಿರಬೇಕು, ಹಳ್ಳಿ ಶಾಲೆಗಳ ಬಸ್ಸಿಗೂ ಟಿಕೆಟ್ಟಿಗೂ ಹಣ ತೆಗೆದಿಡಬೇಕು, ಬೆಂಗಳೂರಿನಲ್ಲಿ ನಡೆದಂತೆ ಪದವಿ ವಿದ್ಯಾರ್ಥಿಗಳಿಗೆ ವಾರಾಂತ್ಯದ ಪಾಠಗಳೂ ಸಿಗಬೇಕು.